ಗವರ್ನರ್ ಫೋಟೋದ ಫ್ರೇಮು

ಆಯುಧಪೂಜೆ ಹತ್ತಿರ ಬಂದರೆ ಮನೆಯಲ್ಲಿರುವುದನ್ನೆಲ್ಲ ಇಳಿಸಿ ಒರೆಸುವುದು ನನಗೆ ನಮ್ಮವ್ವನಿಂದ ಬಂದ ಚಟ. ಸಿಂಗಪುರದ ಜುರಾಂಗ್ ಈಸ್ಟಿನ ಈ ಫ್ಲಾಟಿನಲ್ಲಿ ಆಯುಧ ಅಂತ ಇರುವುದಾದರೂ ಏನು? ಮಿಕ್ಸಿ, ಲ್ಯಾಪ್‌ಟಾಪು, ಮಗಳ ಸೈಕಲ್ಲು. ಆದರೂ ಬೆಳಿಗ್ಗೆ ಎದ್ದು ಬಾಂಬ್ ಶೆಲ್ಟರಿನ ಕಬ್ಬಿಣದ ಬಾಗಿಲು ತೆಗೆದೆ. ಯುದ್ಧ ಬಂದರೆ ಅಡಗಿಕೊಳ್ಳಲಿ ಎಂದು ಕಟ್ಟಿಕೊಟ್ಟ ಕೋಣೆಯಲ್ಲಿ ನಾವು ಅಕ್ಕಿ ಚೀಲ, ಸೂಟ್‌ಕೇಸು, ಕೆಟ್ಟ ಫ್ಯಾನು ಇಟ್ಟುಕೊಂಡಿದ್ದೇವೆ. ಆ ಫ್ಯಾನಿನ ಹಿಂದೆ ಟವೆಲ್ಲಿನಲ್ಲಿ ಸುತ್ತಿಟ್ಟ ಫ್ರೇಮು ಸಿಕ್ಕಿತು. ಟವೆಲ್ಲು ಬಿಚ್ಚಿದಾಗ ಸಣ್ಣಗೆ ವಿಭೂತಿಯ ವಾಸನೆ ಬಂತೋ, ಬಂದಂತೆ ನನಗೆ ಅನ್ನಿಸಿತೋ...

ಮಗಳು ಬಂದು ಇಣುಕಿದಳು. "ಅಮ್ಮ, ಒಳಗೆ ಫೋಟೋನೇ ಇಲ್ಲ. ಎಂಪ್ಟಿ ಫ್ರೇಮ್ ಯಾಕೆ ಕೀಪ್ ಮಾಡಿದೀಯಾ? ಥ್ರೋ ಮಾಡು ಲಾ."

"ಗವರ್ನರ್ ಫೋಟೋದ ಫ್ರೇಮು" ಅಂದೆ.

"ವಿಚ್ ಗವರ್ನರ್?"

ಫ್ರೇಮನ್ನು ಬೆಳಕಿಗೆ ಹಿಡಿದು ನೋಡಿದೆ. ಅದರಲ್ಲಿ ಒಬ್ಬರಿದ್ದರು, ಆಮೇಲೆ ಇನ್ನೊಬ್ಬರು ಬರಬೇಕಿತ್ತು. ಆದರೆ ನನಗೆ ನೆನಪಾದದ್ದು ಅವರಿಬ್ಬರೂ ಅಲ್ಲ, ಆ ಫ್ರೇಮನ್ನು ಕಟ್ಟಿಸಿದ ಸರ್.

ಓದು ಮುಗಿಸಿ ನಾನು ಸೇರಿದ ಮೊದಲ ಆಫೀಸು ಟೋವಾ ಪಾಯೋದಲ್ಲಿತ್ತು. ಅಂಗಡಿ ಸಾಲಿನ ಮೇಲಿನ ಒಂದೇ ಕೋಣೆ. ಅಮೆರಿಕದ ಒಂದು ರಾಜ್ಯ, ಹೆಸರು ಈಗ ಯಾಕೆ, ತನ್ನ ಸರಕು ಮಾರಲು, ಇಲ್ಲಿನ ಕಂಪನಿಗಳನ್ನು ತನ್ನಲ್ಲಿಗೆ ಕರೆಸಿಕೊಳ್ಳಲು ಇಟ್ಟಿದ್ದ ಆಫೀಸು ಅದು. ಅಲ್ಲಿನ ಹಲವು ರಾಜ್ಯಗಳು ಹೀಗೆ ಪರದೇಶದಲ್ಲಿ ತಮ್ಮದೇ ಅಂಗಡಿ ತೆರೆದಿರುತ್ತವೆ ಎಂಬುದು ನನಗೂ ಆಗಲೇ ಗೊತ್ತಾದದ್ದು. ಕೆಲಸದವರು ಇಬ್ಬರೇ: ಸರ್ ಮತ್ತು ನಾನು. ಸರ್ ಬಾಗಲಕೋಟೆ ಕಡೆಯವರು, ಐವತ್ತು ದಾಟಿದ್ದರು. ಹಣೆಯ ಮೇಲೆ ದಿನವೂ ತೆಳ್ಳಗೆ ವಿಭೂತಿ, ಮೇಲೆ ಟೈ. ಹೊರಗಿನವರಿದ್ದಾಗ ಅಚ್ಚ ಬೆಂಗಳೂರು ಕನ್ನಡವೋ ಇಂಗ್ಲಿಷೋ ಆಡುತ್ತಿದ್ದರು. ಬಾಗಿಲು ಮುಚ್ಚಿದರೆ ಊರ ಮಾತು. ನನ್ನನ್ನು "ತಂಗಿ" ಅಂತಲೇ ಕರೆದರು, ಮೊದಲ ದಿನದಿಂದ ಕೊನೆಯ ದಿನದವರೆಗೆ.

ಕೆಲಸ ಸಿಕ್ಕ ಸುದ್ದಿ ಕೇಳಿ ನಮ್ಮವ್ವ ಗದಗಿನಲ್ಲಿ ಓಣಿಗೆಲ್ಲ ಪೇಢೆ ಹಂಚಿದ್ದಳು. ಮಗಳು ರಾಜ್ಯಪಾಲರ ಆಫೀಸಿನಲ್ಲಿದ್ದಾಳೆ ಎಂದು ಹೇಳಿಕೊಂಡು ಬಂದಿದ್ದಳು. ಇದನ್ನು ಹೇಳಿದಾಗ ಸರ್ ನಕ್ಕರು. ನಮ್ಮ ಕಡೆ ರಾಜ್ಯಪಾಲರು ಅಂದರೆ ಸರ್ಕಾರ ಬರೆದುಕೊಟ್ಟ ಭಾಷಣ ಓದುವವರು, ರಾಜಭವನದ ಹುಲ್ಲುಹಾಸಿನ ಮೇಲೆ ಚಹಾ ಕೊಡುವವರು. ಅಲ್ಲಿನ ಗವರ್ನರ್ ಹಾಗಲ್ಲ, ಜನರ ವೋಟಿನಿಂದ ಬಂದವರು, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಬಜೆಟ್ಟು ಅವರ ಕೈಯಲ್ಲಿ. ಶಾಸನಸಭೆ ಪಾಸು ಮಾಡಿದ್ದನ್ನೂ ಒಂದು ಸಹಿಯಿಂದ ತಡೆಯಬಲ್ಲರು. "ಅವ್ವಗ ಹೇಳು, ರಾಜ್ಯಪಾಲ ಅಲ್ಲ, ಗೌಡ ಅಂತ" ಅಂದರು ಸರ್. ಅವ್ವ ಆಮೇಲೂ ರಾಜ್ಯಪಾಲ ಅಂತಲೇ ಹೇಳಿದಳು. ಅದಕ್ಕೇ ಹೆಚ್ಚು ತೂಕವಿತ್ತು.

ಕೋಣೆಯ ಗೋಡೆಯ ಮೇಲೆ ಆ ಗವರ್ನರ್ ಫೋಟೋ ಇತ್ತು. ಫೋಟೋ ಅಲ್ಲಿನ ರಾಜಧಾನಿಯಿಂದ ಕೊರಿಯರ್‌ನಲ್ಲಿ ಬಂದದ್ದು. ಅದರ ಜೊತೆಗಿದ್ದ ಪ್ಲಾಸ್ಟಿಕ್ ಫ್ರೇಮು ಸರ್‌ಗೆ ಹಿಡಿಸಲಿಲ್ಲವಂತೆ. ಟೋವಾ ಪಾಯೋದಲ್ಲೇ ಒಬ್ಬ ಮುದುಕನ ಅಂಗಡಿಯಲ್ಲಿ ಸಾಗವಾನಿ ಫ್ರೇಮು ಕಟ್ಟಿಸಿದ್ದರು, ತಮ್ಮ ಕೈಯಿಂದ ದುಡ್ಡು ಕೊಟ್ಟು. ಗವರ್ನರ್ ಬದಲಾದರೂ ಫ್ರೇಮು ಬದಲಾಗಬಾರದು ಎಂದು ಅವರ ಲೆಕ್ಕಾಚಾರ.

ನಮ್ಮ ಕೆಲಸವೆಲ್ಲ ಆ ಮುಖದ ಮನಸ್ಸನ್ನು ಅನುಸರಿಸುವುದೇ ಆಗಿತ್ತು. ವರ್ಷದ ಮೊದಲಲ್ಲಿ ಗವರ್ನರ್ ತಮ್ಮ ರಾಜ್ಯದ ಸ್ಥಿತಿಗತಿಯ ಬಗ್ಗೆ ಭಾಷಣ ಮಾಡುತ್ತಿದ್ದರು. ಅದನ್ನು ಸರ್ ಪೆನ್ಸಿಲ್ ಹಿಡಿದು ಓದುತ್ತಿದ್ದರು. ಬ್ಯಾಟರಿ ಕಾರ್ಖಾನೆ ಬೇಕು ಎಂದು ಅವರು ಅಲ್ಲಿ ಹೇಳಿದರೆ ನಾವು ಇಲ್ಲಿ ಬ್ಯಾಟರಿಯವರ ಬಾಗಿಲು ತಟ್ಟಬೇಕು. ಹಿಂದಿನ ಗವರ್ನರ್ ಕಾಲದಲ್ಲಿ ಕಾಗದ, ಮರ ಎಂದು ಅಚ್ಚಾಗಿದ್ದ ಬ್ರೋಷರುಗಳ ಮೇಲೆ ಸರ್ ಬಿಳಿ ಸ್ಟಿಕ್ಕರ್ ಅಂಟಿಸಿ ಬಳಸುತ್ತಿದ್ದರು. ಒಬ್ಬ ಗವರ್ನರ್ ಶಾಲೆಯ ಪುಸ್ತಕದ ಬಗ್ಗೆ, ಕೂಲಿಯ ಬಗ್ಗೆ ಏನೋ ಒಂದು ಕಾನೂನು ತಂದರೆ ಸಾಕು, ಪಕ್ಕದ ರಾಜ್ಯದವರು ಅದನ್ನೇ ನಕಲು ಮಾಡುವರು, ಇಲ್ಲವೇ ಅದರ ವಿರುದ್ಧ ನಿಲ್ಲುವರು, ಕೊನೆಗೆ ವಾಷಿಂಗ್ಟನ್ನಿನಲ್ಲೂ ಅದೇ ಜಗಳ. "ಎಲ್ಲಾರೂ ದೊಡ್ಡ ಮನಿ ನೋಡ್ಕೋತ ಕೂಡತಾರ, ತಂಗಿ. ಜಗಳಾ ಹುಟ್ಟೂದು ಸಣ್ಣ ಮನ್ಯಾಗ" ಅನ್ನುತ್ತಿದ್ದರು.

ಆ ರಾಜ್ಯವನ್ನು ಅವರು ನೋಡಿದ್ದು ಒಂದೇ ಸಲ, ತರಬೇತಿಗೆ ಹೋದಾಗ. ಕಾಗದದ ಗಿರಣಿ ಮುಚ್ಚಿದ್ದ ಒಂದು ಸಣ್ಣ ಊರಿಗೆ ಕರೆದುಕೊಂಡು ಹೋಗಿದ್ದರಂತೆ. ಹಿಮದ ನಡುವೆ ನಿಂತ ಹೊಗೆಯಿಲ್ಲದ ಚಿಮಣಿ, ಬೇಕರಿಯಲ್ಲಿ ಒಂದೇ ಕಾಫಿ ಮುಂದಿಟ್ಟುಕೊಂಡು ಕೂತ ಗಂಡಸರು. ಆ ಊರಿಗೆ ಇಲ್ಲಿನ ಒಂದು ಕಂಪನಿಯಿಂದ ಬ್ಯಾಟರಿ ಬಿಡಿಭಾಗದ ಕಾರ್ಖಾನೆ ಕಳಿಸಬೇಕೆಂದು ಸರ್ ವರ್ಷಗಟ್ಟಲೆ ಓಡಾಡಿದರು. ಗುಡ್ಡಕ್ಕೆ ಕಲ್ಲು ಹೊತ್ತಂಥ ಕೆಲಸ. ನಾನು ಸೇರುವ ಹೊತ್ತಿಗೆ ಆ ಕಂಪನಿಯವರು ಬೇಡ ಅನ್ನುವುದನ್ನು ಬಿಟ್ಟು ನೋಡೋಣ ಅನ್ನತೊಡಗಿದ್ದರು.

ಆಫೀಸಿನಲ್ಲಿ ಆಯುಧಪೂಜೆ ಮಾಡುವುದು ಸರ್ ತಂದ ಪದ್ಧತಿ. ನಾನು ಕಂಡ ಮೊದಲ ಪೂಜೆಯ ದಿನ ಇಬ್ಬರೂ ಬೇಗ ಬಂದು ಎಲ್ಲ ಇಳಿಸಿ ಒರೆಸಿದೆವು. ಪ್ರಿಂಟರು, ಫೋನು, ಸ್ಟೇಪ್ಲರು, ಆಫೀಸಿನ ಸೀಲು ಮೇಜಿನ ಮೇಲೆ ಸಾಲಾಗಿ ಕೂತವು. ಗೋಡೆ ಒರೆಸಲೆಂದು ಗವರ್ನರ್ ಫೋಟೋವನ್ನೂ ಇಳಿಸಿದ್ದೆವು. ಅದು ಪ್ರಿಂಟರಿಗೆ ಒರಗಿ ನಿಂತಿತ್ತು. ಸರ್ ಬಲಗೈಯ ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಸಾಲಿನ ಈ ತುದಿಯಿಂದ ಆ ತುದಿಗೆ ಹಚ್ಚುತ್ತ ಹೋದರು. ಪ್ರಿಂಟರ್ ಆಯಿತು, ಅದೇ ಕೈ ಫ್ರೇಮಿನ ಮೇಲಿನ ಅಂಚಿಗೂ ಹೋಯಿತು. ನಾನು ನಕ್ಕೆ. ಅವರು ಹಿಂದೆ ಸರಿದು ನೋಡಿ, "ಇರ್ಲಿ ಬಿಡು. ನಮಗ ಅನ್ನ ಕೊಡೂ ಆಯುಧದಾಗ ಇವರೂ ಒಬ್ಬರು" ಅಂದರು. ನೈವೇದ್ಯಕ್ಕೆ ಆ ರಾಜ್ಯದ ಒಣ ಚೆರ್ರಿ ಇಟ್ಟರು, ಬಂದವರಿಗೆ ಕೊಡಲೆಂದು ಕಳಿಸುತ್ತಿದ್ದ ಪೊಟ್ಟಣದಿಂದ. ಕರ್ಪೂರ ಹಚ್ಚಿದರೆ ಹೊಗೆಯ ಅಲಾರಂ ಹೊಡೆದುಕೊಂಡೀತೆಂದು ಸುಮ್ಮನೆ ತಟ್ಟೆಯಲ್ಲಿಟ್ಟು ಕೈ ಮುಗಿದರು.

ಆಮೇಲೆ ಫೋನಿನಲ್ಲಿ ಒಂದು ಫೋಟೋ ತೆಗೆದರು. ಹಬ್ಬ ಹಬ್ಬಕ್ಕೂ ಒಂದು ಫೋಟೋ ರಾಜಧಾನಿಗೆ ಕಳಿಸುವುದು ಅವರ ರೂಢಿ. ಚೀನೀ ಹೊಸವರ್ಷದ ಕೆಂಪು ಲಾಟೀನು, ರಂಜಾನ್ ಹಬ್ಬದ ಬಿಸ್ಕತ್ತಿನ ಡಬ್ಬಿ, ಈಗ ಇದು. ಅಲ್ಲಿನ ಇಲಾಖೆಯವರು ತಮ್ಮ ಪತ್ರಿಕೆಯಲ್ಲಿ ಅದನ್ನು ಅಚ್ಚು ಮಾಡಿದರು, ನಮ್ಮ ಸಿಂಗಪುರದ ಗೆಳೆಯರು ಹಬ್ಬ ಆಚರಿಸಿದ್ದು ಹೀಗೆ ಎಂದು. ಸರ್ ಅದನ್ನು ಪ್ರಿಂಟ್ ತೆಗೆದು ಮನೆಗೆ ಒಯ್ದರು.

ಒಂದು ವರ್ಷ ಅದನ್ನು ಯಾರೂ ನೋಡಲಿಲ್ಲ.

ಮರುವರ್ಷ ಅಲ್ಲಿ ಚುನಾವಣೆ. ಅಲ್ಲಿಯ ರಾತ್ರಿ ನಮಗೆ ಬೆಳಿಗ್ಗೆ, ಹಾಗಾಗಿ ಗವರ್ನರ್ ಮತ್ತು ಎದುರಾಳಿಯ ವಾದವನ್ನು ನಾವು ಆಫೀಸಿನಲ್ಲೇ, ಕಾಫಿ ಕುಡಿಯುತ್ತ ನೋಡಿದೆವು. ಶಾಲೆ, ರಸ್ತೆ, ತೆರಿಗೆ... ನಡುವೆ ಎದುರಾಳಿ ಒಂದು ದೊಡ್ಡ ರಟ್ಟು ಎತ್ತಿ ಹಿಡಿದ. ಅದರಲ್ಲಿ ನಮ್ಮ ಮೇಜು. ನಮ್ಮ ಪ್ರಿಂಟರು, ನಿಂಬೆಹಣ್ಣು, ಚೆರ್ರಿ, ಮಧ್ಯದಲ್ಲಿ ವಿಭೂತಿಯ ಮೂರು ಗೆರೆ ಹೊತ್ತ ಗವರ್ನರ್. ನಿಮ್ಮ ತೆರಿಗೆಯಲ್ಲಿ ಸಿಂಗಪುರದ ಸಮುದ್ರ ಕಾಣುವ ಆಫೀಸಿನಲ್ಲಿ ನಮ್ಮ ಗವರ್ನರಿಗೆ ಗುಡಿ ಕಟ್ಟಿದ್ದಾರೆ ಎಂದ. ಸಭೆ ಗೊಳ್ಳೆಂದು ನಕ್ಕಿತು. ನಮ್ಮ ಕಿಟಕಿಯಿಂದ ಕಾಣುತ್ತಿದ್ದದ್ದು ಊಟ-ತಿಂಡಿ ಅಂಗಡಿಗಳ ಹಾಕರ್ ಸೆಂಟರಿನ ಹಿಂಬದಿ, ಎಣ್ಣೆ ಡಬ್ಬಿಗಳ ಸಾಲು.

ನಾವು ಗವರ್ನರ್ ಬಾಯಿ ನೋಡುತ್ತ ಕೂತೆವು. ಅದು ಅಲ್ಲಿನ ಸಿಬ್ಬಂದಿಯ ಒಂದು ಹಬ್ಬ ಎಂದೋ, ಕೆಲಸದ ಸಾಮಾನಿಗೆ ಕೈ ಮುಗಿಯುತ್ತಾರೆ ಎಂದೋ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವರು ನೀರು ಕುಡಿದರು. ಇದು ನನ್ನ ಗಮನಕ್ಕೆ ಬಂದಿಲ್ಲ, ವಿಚಾರಿಸುತ್ತೇನೆ ಅಂದರು.

ಸರ್ ಕಾಫಿ ಕಪ್ಪು ಕೆಳಗಿಟ್ಟರು. "ಯಾರದೋ ದುಡ್ಡು, ಯಲ್ಲಮ್ಮನ ಜಾತ್ರಿ ಅಂತ ಅಂವ ಅಂದ. ಅದು ಅವನ ಕೆಲಸ. ಆದ್ರ ಇವ್ರು..." ಅಂದವರೇ ಎದ್ದು ಹೋಗಿ ಒಬ್ಬ ಗಿರಾಕಿಗೆ ಫೋನ್ ಮಾಡಿದರು.

ಆಮೇಲೆ ಅಲ್ಲಿ ನಡೆದದ್ದನ್ನು ನಾವು ಇಲ್ಲಿಂದ ನೋಡಿದೆವು. ಗಿರಣಿಯ ಊರು, ಶಾಲೆ, ರಸ್ತೆ ಎಲ್ಲ ಮರೆಗೆ ಸರಿದವು. ಟಿವಿಯಲ್ಲಿ ಒಬ್ಬರು ಇದು ದೇವರಿಗೆ ಮಾಡಿದ ಅಪಚಾರ ಅಂದರೆ ಇನ್ನೊಬ್ಬರು ಆ ಮಾತೇ ಹಿಂದೂಗಳಿಗೆ ಅಪಚಾರ ಅಂದರು. ಪಕ್ಕದ ರಾಜ್ಯದ ಗವರ್ನರ್ ಕೂಡ ತಮ್ಮ ವಿದೇಶದ ಆಫೀಸುಗಳ ಖರ್ಚು ತೆಗೆಸಿ ನೋಡುತ್ತೇನೆ ಎಂದು ಘೋಷಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಆ ಮೂರು ಗೆರೆ ಎಳೆದ ಮನುಷ್ಯನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಸರ್ ಆಯುಧಪೂಜೆ ಅಂದರೇನೆಂದು ವಿವರಿಸಿ ರಾಜಧಾನಿಗೆ ಬರೆದರು. ಚುನಾವಣೆ ಮುಗಿಯುವ ತನಕ ಬಾಯಿ ಬಿಡಬೇಡಿ ಎಂದು ಉತ್ತರ ಬಂತು. ಆ ವರ್ಷ ಆಫೀಸಿನಲ್ಲಿ ಪೂಜೆ ಆಗಲಿಲ್ಲ. ಪ್ರಿಂಟರಿಗೆ ಒಂದು ಚಿಟಿಕೆ ಕುಂಕುಮವನ್ನೂ ಇಡಲಿಲ್ಲ.

ಸರ್ ಪಾಲಿಗೆ ಅದು ಬರೀ ಮಾನದ ಮಾತಾಗಿರಲಿಲ್ಲ. ಆಫೀಸು ಮುಚ್ಚಿದರೆ ಇಲ್ಲಿರಲು ಕೊಟ್ಟ ಅವರ ಕೆಲಸದ ಪಾಸು ರದ್ದಾಗುತ್ತದೆ, ಸ್ವಲ್ಪ ದಿನದಲ್ಲಿ ದೇಶ ಬಿಡಬೇಕು. ಅವರ ಮಗಳು ಜೂನಿಯರ್ ಕಾಲೇಜಿನ, ಅಂದರೆ ನಮ್ಮ ಪಿಯುಸಿಯಂಥದರ, ಕೊನೆಯ ವರ್ಷಕ್ಕೆ ಕಾಲಿಡುವವಳಿದ್ದಳು. ಕೈಗೂಸಾಗಿದ್ದಾಗಲೇ ಇಲ್ಲಿಗೆ ಬಂದ ಹುಡುಗಿ. ಅವಳೊಬ್ಬಳನ್ನೇ ಹಾಸ್ಟೆಲ್ಲಿನಲ್ಲಿ ಬಿಟ್ಟು ಹೋಗಬಹುದಿತ್ತು, ಆದರೆ ಸರ್‌ಗೂ ಅವರ ಹೆಂಡತಿಗೂ ಅದಕ್ಕೆ ಮನಸ್ಸಿರಲಿಲ್ಲ. ಒಂದು ವರ್ಷ ಆಫೀಸು ನಡೆದರೆ ಸಾಕು ಎಂಬುದೊಂದೇ ಅವರ ಆಸೆಯಾಗಿತ್ತು. ಅದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಲಿಫ್ಟಿನಲ್ಲಿ, ಗೋಡೆಯ ಕಡೆ ಮುಖ ಮಾಡಿ.

ಎದುರಾಳಿ ಗೆದ್ದ. ಜನವರಿಯಲ್ಲಿ ಪ್ರಮಾಣವಚನ ಆದ ವಾರವೇ ಕ್ಯಾಮೆರಾಗಳ ಮುಂದೆ ಕೂತು ವಿದೇಶದ ಆಫೀಸುಗಳನ್ನು ಮುಚ್ಚುವ ಆದೇಶಕ್ಕೆ ಸಹಿ ಮಾಡಿದ. ಸಹಿಗೆ ಬಳಸಿದ ಪೆನ್ನುಗಳನ್ನು ಸುತ್ತ ನಿಂತವರಿಗೆ ಹಂಚಿದ, ಮದುವೆಯಲ್ಲಿ ತಾಂಬೂಲ ಕೊಟ್ಟ ಹಾಗೆ. ನಾವಿಬ್ಬರೂ ಅದನ್ನು ನೋಡಿದೆವು. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಸರ್ ಪರದೆಯ ಹತ್ತಿರ ಬಗ್ಗಿ ನೋಡಿ, "ಅಕ್ಷರ ಚಲೋ ಅದಾವ" ಅಂದರು.

ಕೊನೆಯ ದಿನ ರಾಜಧಾನಿಯಿಂದ ಬಂದ ಸೂಚನೆಯಂತೆ ಬಾವುಟ, ಸೀಲು, ಹಳೆಯ ಗವರ್ನರ್ ಫೋಟೋ ಎಲ್ಲ ಡಬ್ಬಿಗೆ ಹೋದವು. ಹೊಸ ಗವರ್ನರ್ ಫೋಟೋ ನಮಗೆ ಬರಲೇ ಇಲ್ಲ. ಫ್ರೇಮು ಮಾತ್ರ ಸರ್‌ದೇ. ಅದನ್ನು ತಮ್ಮ ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ಬ್ಯಾಗಿನ್ಯಾಗ ಹಿಡಿಯೂದಿಲ್ಲ. ಇಲ್ಲೇ ಇರ್ಲಿ" ಅಂದರು. ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಅವರ ಮಗಳು ಕಾಲೇಜಿನ ಬ್ಯಾಗು ಬೆನ್ನಿಗೆ ಹಾಕಿಕೊಂಡು, ಹೆಡ್‌ಫೋನ್ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಕೂತಿದ್ದಳು. ಹುಬ್ಬಳ್ಳಿಯಲ್ಲಿ ಅವಳು ಮತ್ತೆ ಪಿಯುಸಿಯ ಮೊದಲಿಂದ ಶುರುಮಾಡಬೇಕಾಯಿತು. ಆ ಸಿಟ್ಟು ಅವಳಿಗೆ ಬಹಳ ಕಾಲ ಇತ್ತೆಂದು ಅವಳೇ ಆಮೇಲೆ ಬರೆದಳು.

ನಾನು ಬ್ಯೂನಾ ವಿಸ್ಟಾದ ಒಂದು ಸಾಗಣೆ ಕಂಪನಿಗೆ ಶಿಫ್ಟ್ ಆದೆ. ಮದುವೆ, ಮನೆ, ಮಗಳು. ಹಬ್ಬಕ್ಕೊಮ್ಮೆ ಸರ್‌ಗೆ ಮೆಸೇಜು. ಅವರು ಹುಬ್ಬಳ್ಳಿಯಲ್ಲಿ ಯಾರದೋ ರಫ್ತು ಕಂಪನಿಯ ಲೆಕ್ಕ ನೋಡಿಕೊಳ್ಳುತ್ತಿದ್ದರು. ಆ ರಾಜ್ಯದ ಸುದ್ದಿ ಓದುವುದನ್ನು ನಾನು ಎಂದೋ ಬಿಟ್ಟಿದ್ದೆ, ಅವರು ಬಿಟ್ಟಿರಲಿಲ್ಲ. ಅಲ್ಲಿನ ಬಜೆಟ್ಟಿನಲ್ಲಿ ರಸ್ತೆಗೆ ಎಷ್ಟು ತೆಗೆದಿಟ್ಟರು ಎಂದು ನನಗೆ ಬರೆಯುತ್ತಿದ್ದರು.

ಹೀಗಿರುವಾಗ ಒಂದು ದಿನ ಆ ಹೊಸ ಗವರ್ನರ್ ಸಿಂಗಪುರಕ್ಕೇ ಬಂದ, ಹಿಂದೆ ಉದ್ಯಮಿಗಳ ದಂಡು ಕಟ್ಟಿಕೊಂಡು. ಹೋಟೆಲಿನಲ್ಲಿ ದೊಡ್ಡ ಸಮಾರಂಭ. ಬ್ಯಾಟರಿ ಬಿಡಿಭಾಗದ ಕಾರ್ಖಾನೆ ಗಿರಣಿ ಮುಚ್ಚಿದ ಅದೇ ಊರಿಗೆ ಹೋಗುವುದೆಂದು ಸಹಿ ಬಿತ್ತು. ಅದೇ ಕಂಪನಿ, ನೋಡೋಣ ಅನ್ನುತ್ತಿದ್ದವರು. ಯಂತ್ರಗಳ ಸಾಗಣೆ ನಮ್ಮದಾದ್ದರಿಂದ ನಾನೂ ಹಿಂದಿನ ಸಾಲಿನಲ್ಲಿದ್ದೆ. ಜಗತ್ತಿನ ಬಾಗಿಲಿಗೆ ನಾವೇ ಹೋಗಬೇಕು, ಮನೆಯಲ್ಲಿ ಕೂತರೆ ಆಗದು ಎಂದು ಗವರ್ನರ್ ಭಾಷಣ ಮಾಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ನನ್ನ ಕೈಗಳೂ ತಟ್ಟಿದವು. ಸಾಲಿನಲ್ಲಿ ಬಂದು ಕೈ ಕುಲುಕಿದಾಗ ಅವನ ಅಂಗೈ ಬೆಚ್ಚಗಿತ್ತು. ಸಭ್ಯ ಮನುಷ್ಯ. ನಿಮ್ಮ ಊರು ಚಂದ ಅಂದ. ಥ್ಯಾಂಕ್ಯೂ ಅಂದೆ. ಒಳಗೆ ಏನೂ ಆಗಲಿಲ್ಲ. ಏನಾದರೂ ಆಗಬೇಕಿತ್ತಲ್ಲ ಎಂದು ಎಂಆರ್‌ಟಿಯಲ್ಲಿ ವಾಪಸು ಬರುವಾಗ ಯೋಚಿಸಿದೆ.

ಆ ರೈಲಿನಿಂದಲೇ ಸರ್‌ಗೆ ಗವರ್ನರ್ ಫೋಟೋ ಕಳಿಸಿದೆ. ಬೈಯಲಿ, ಶಾಪ ಹಾಕಲಿ, ನನ್ನ ಬದಲು ಅವರಾದರೂ ಏನಾದರೂ ಅನ್ನಲಿ ಎಂದು ಕಾದೆ. ಉತ್ತರ ಬಂತು:

"ಭಾಳ ಚಲೋ ಆತು. ಆ ಊರಿನ ಮಂದಿಗೆ ಕೆಲಸ ಸಿಕ್ತು. ಫ್ರೇಮು ನಿನ್ನ ಹಂತೇಕ ಐತೆಲ್ಲ? ಈ ಫೋಟೋ ದೊಡ್ಡದು ಮಾಡಿಸಿ ಹಾಕಿಡು. ಅಲ್ಲಿ ಬಂದು ಹೋದಾರಂದ್ರ ಆಫೀಸು ಮತ್ತ ತೆರೀತಾರ."

ಅದನ್ನು ಓದಿದಾಗ ನನಗೆ ಸಿಟ್ಟು ಬಂತು. ಗವರ್ನರ್ ಮೇಲಲ್ಲ, ಸರ್ ಮೇಲೆ. ಅಷ್ಟೂ ವರ್ಷದಲ್ಲಿ ನನಗೆ ಸರಿಯಾಗಿ ಅನ್ನಿಸಿದ್ದು ಅದೊಂದೇ.

ಅವರು ಹೇಳಿದ್ದು ನಿಜವಾಯಿತು. ಎರಡನೆಯ ಸಲ ಗೆದ್ದ ಮೇಲೆ ಅದೇ ಗವರ್ನರ್ ಅದೇ ಆಫೀಸನ್ನು ಮತ್ತೆ ತೆರೆದ, ತನ್ನದೇ ಹೊಸ ಯೋಜನೆ ಎಂದು. ಈ ಸಲ ನಿಜಕ್ಕೂ ಸಮುದ್ರ ಕಾಣುವ ಕಟ್ಟಡದಲ್ಲಿ. ಆ ಸುದ್ದಿಯನ್ನು ಸರ್‌ಗೆ ಕಳಿಸಿದೆ. ಉತ್ತರ ಅವರ ಮಗಳಿಂದ ಬಂತು. ಆಂಟಿ, ಅಪ್ಪ ಹೋಗಿ ಒಂದು ತಿಂಗಳಾಯಿತು, ಹಾರ್ಟ್ ಅಟ್ಯಾಕ್, ನಿಮ್ಮ ನಂಬರು ಈಗ ಸಿಕ್ಕಿತು...

ಒಂದು ಮಧ್ಯಾಹ್ನ ಫ್ರೇಮನ್ನು ಎತ್ತಿಕೊಂಡು ಆ ಹೊಸ ಆಫೀಸಿಗೆ ಹೋದೆ. ಅಲ್ಲಿದ್ದವಳು ಒಳ್ಳೆಯ ಹುಡುಗಿ, ಕೂರಿಸಿ ನೀರು ಕೊಟ್ಟಳು. ಹಿಂದಿನ ಆಫೀಸಿನ ಫ್ರೇಮು, ನಿಮ್ಮ ಗೋಡೆಗೆ ಎಂದೆ. ಅವಳು ಗೋಡೆ ತೋರಿಸಿದಳು. ಅಲ್ಲಿ ಟಿವಿಯಂಥ ಪರದೆ ಇತ್ತು, ಗವರ್ನರ್ ಅದರಲ್ಲಿ ನಗುತ್ತಿದ್ದ, ಆಮೇಲೆ ಸರೋವರ ಬಂತು, ಆಮೇಲೆ ಚೆರ್ರಿ ತೋಟ. ಈಗ ಫೋಟೋ ಕಳಿಸುವುದಿಲ್ಲ ಮೇಡಂ, ಎಲ್ಲ ಡಿಜಿಟಲ್ ಅಂದಳು. ಹೊರಡುವಾಗ ಒಂದು ಪೊಟ್ಟಣ ಒಣ ಚೆರ್ರಿ ಕೊಟ್ಟಳು. ಫ್ರೇಮನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಮನೆಗೆ ಬಂದೆ. ಶೆಲ್ಟರಿನಲ್ಲಿಟ್ಟು ಬಾಗಿಲು ಹಾಕಿದೆ.

ಇವತ್ತು ಅದನ್ನು ಒರೆಸಿದೆ. ಮೇಲಿನ ಅಂಚಿನ ಕೆತ್ತನೆಯ ಸಂದಿಯಲ್ಲಿ ಬಿಳಿಯದು ಒಂದಿಷ್ಟು ಇನ್ನೂ ಉಳಿದಿತ್ತು. ಅದನ್ನು ಬಟ್ಟೆಯಿಂದ ತೆಗೆಯಲಿಲ್ಲ. ಮಿಕ್ಸಿ, ಲ್ಯಾಪ್‌ಟಾಪು, ಸೈಕಲ್ಲಿನ ಸಾಲಿನಲ್ಲಿ ಫ್ರೇಮನ್ನೂ ನಿಲ್ಲಿಸಿ, ಎಲ್ಲದಕ್ಕೂ ವಿಭೂತಿ ಹಚ್ಚಿದೆ. ನೈವೇದ್ಯಕ್ಕೆ ಸೂಪರ್‌ಮಾರ್ಕೆಟ್ಟಿನಿಂದ ತಂದ ಒಣ ಚೆರ್ರಿ ಇಟ್ಟೆ. ಕೈ ಮುಗಿಯುವಾಗ ಮಗಳು ಫೋನ್ ಎತ್ತಿದಳು, ಅಜ್ಜಿಗೆ ಕಳಿಸಲು.

"ಬೇಡ, ಫೋಟೋ ತೆಗೀಬೇಡ" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಅವಳು ಬೆಪ್ಪಾಗಿ ಫೋನ್ ಕೆಳಗಿಳಿಸಿದಳು. ನನ್ನ ಹತ್ತಿರ ಸರ್ ಅವರದೊಂದು ಫೋಟೋ ಇಲ್ಲ. ಜಗತ್ತೆಲ್ಲ ನೋಡಿದ ಆ ಫೋಟೋದಲ್ಲೂ ಅವರಿಲ್ಲ, ಅದನ್ನು ತೆಗೆದವರು ಅವರೇ. ಸರ್ ಇಲ್ಲ. ಇದ್ದು, ಈಗ ಇಲ್ಲಿ ನಿಂತಿದ್ದರೆ, ತೆಗೀಲಿ ಬಿಡು ತಂಗಿ, ತೆಗೆದು ಗವರ್ನರಿಗೂ ಒಂದು ಕಳಿಸು ಅನ್ನುತ್ತಿದ್ದರು.